ಗೋಡೆ ಬುಡದ ನೀರು

ಸೀವಾ ಓಯಸಿಸ್, ನವೆಂಬರ್ 14, ಗುರುವಾರ

ಸಂಜೆ ತಂಗಿ ಮಬ್ರೂಕಾಳನ್ನು ಮಣ್ಣು ಮಾಡಿ ಬಂದೆವು. ಬೆಳಿಗ್ಗೆ ಅವಳ ಅಡುಗೆಮನೆಯ ಗೋಡೆ ಅವಳ ಮೇಲೇ ಬಿತ್ತು. ಆ ಗೋಡೆ ಕಟ್ಟಿದವನು ನಾನೇ.

ನಮ್ಮ ಗೋಡೆಗಳೆಂದರೆ ಉಪ್ಪುಕೆರೆಯಿಂದ ಕಡಿದು ತಂದ ಉಪ್ಪಿನ ಗಟ್ಟಿ, ಮೇಲೆ ಕೆಸರು. ಕೆಸರನ್ನು ಕೆರೆಯ ನೀರಿನಲ್ಲೇ ಕಲಸು ಎಂದು ಅಪ್ಪ ಹೊಡೆದು ಕಲಿಸಿದ್ದ. ಅದು ಉಪ್ಪು ತಿಂದು ಹೊಟ್ಟೆ ತುಂಬಿದ ನೀರು, ಗಟ್ಟಿಯನ್ನು ಕರಗಿಸುವುದಿಲ್ಲ. ಸಿಹಿನೀರು ಹಸಿದ ನೀರು, ಗೋಡೆಯನ್ನೇ ತಿನ್ನುತ್ತದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಇಷ್ಟು ಗೊತ್ತು.

ಅವಳು ಆ ಗೋಡೆಗೇ ಸಿಹಿನೀರಿನ ನಲ್ಲಿ ಹಾಕಿಸಿಕೊಂಡಳು. ಕಳೆದ ಶುಕ್ರವಾರ ಹೋದಾಗ ಗೋಡೆಯ ಬುಡ ಒದ್ದೆಯಾಗಿತ್ತು. ಬೆರಳದ್ದಿ ನೆಕ್ಕಿದೆ. ಬರೀ ಉಪ್ಪು.

"ನಾಳೆನೇ ಈ ನಲ್ಲಿ ಕೀಳಿಸೇ," ಎಂದೆ.

"ನಲವತ್ತು ವರ್ಷ ಕತ್ತೆ ಥರ ನೀರು ಹೊತ್ತಿದೀನಿ ಕಣಣ್ಣ. ನಾಲ್ಕು ಹನಿಗೆ ಕರಗೋ ಗೋಡೆ ಕಟ್ಟಿದ ನೀನೆಂಥ ಮೇಸ್ತ್ರಿ?" ಎಂದು ನಕ್ಕಳು.

ಸಿಟ್ಟು ನೆತ್ತಿಗೇರಿತು. ಬುಡ ಆಗಲೇ ಕರಗುತ್ತಿದೆ, ಇಲ್ಲಿ ಕೂರಬೇಡ ಎನ್ನುವ ಮಾತು ಬಾಯಿಯವರೆಗೂ ಬಂದಿತ್ತು. "ಅನುಭವಿಸು ಹಾಗಾದ್ರೆ," ಎಂದು ಮೂರನೇ ಲೋಟದ ಚಹಾ ಮುಟ್ಟದೆ ಎದ್ದುಬಂದೆ. ಮೂರು ಲೋಟ ಮುಗಿಸದೆ ಏಳುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ಅವಳೇ ಬಂದು ಕರೆಯಲಿ ಎಂದು ಆರು ದಿನ ಬಿಗುಮಾನದಲ್ಲಿ ಕೂತೆ.

ಗೋರಿಯ ಹತ್ತಿರ ಎಲ್ಲರೂ ನನ್ನ ಕೈ ಹಿಡಿದು, "ದೇವರು ಬರೆದದ್ದು," ಎಂದರು. ದೇವರೇನು ಬೆರಳು ನೆಕ್ಕಿ ನೋಡಿದ್ದನೇ?

ಬರುವಾಗ ಅವಳ ಮನೆ ಹೊಕ್ಕೆ. ಬಿದ್ದ ಗೋಡೆಯ ಬುಡದಲ್ಲಿ ಕೊಳವೆಯ ಕೀಲು ಇನ್ನೂ ಜಿನುಗುತ್ತಿತ್ತು. ಬರಿಗೈಯಲ್ಲೇ ತಿರುಗಿಸಿದೆ. ಒಂದೇ ಸುತ್ತು, ನೀರು ನಿಂತಿತು.

ಆ ಶುಕ್ರವಾರವೂ ನನ್ನ ಕೈ ಅಲ್ಲೇ ಇತ್ತು.