ಮೂರು ಗೇಣು ಕೆಳಗೆ

ಬುಧವಾರ, ಬೆಳಗಿನ ಕಾಫಿಗೂ ಮುಂಚೆ

ನನ್ನ ಮನೆಯ ಗುರಿಗಾರ್ತಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ನಿಮ್ಮಕ್ಕ ಎತ್ತುತ್ತಾರೆ. ಅವರು ಎತ್ತಿದರೆ ನಾನು ಇಟ್ಟುಬಿಡುತ್ತೇನೆ. ಹಾಗಾಗಿ ಈ ಕಾಗದ.

ನೇರ ವಿಷಯಕ್ಕೆ ಬರುತ್ತೇನೆ. ತಪ್ಪು ನಿನ್ನ ಕೈಯದಲ್ಲ, ನನ್ನ ಲೆಕ್ಕದ್ದು. ಇಷ್ಟು ಬರೆಯಲು ಮೂರು ಹಾಳೆ ಹರಿದು ಬಿಸಾಡಿದ್ದೇನೆ.

ಆ ದಿನ ಎಂಟುನೂರು ಮೀಟರಿನ ಗುರಿಗೆ ರೈಫಲ್ಲಿನ ದುರ್ಬೀನಿನ ತಿರುಪನ್ನು ಎಷ್ಟು ತಿರುಗಿಸಬೇಕೆಂದು ನನ್ನ ಮೊಬೈಲಿನ ಆ್ಯಪ್ ಲೆಕ್ಕ ಹಾಕುತ್ತಿತ್ತು, ನಾನು ಕೂಗುತ್ತಿದ್ದೆ, ನೀನು ಅಷ್ಟೇ ತಿರುಗಿಸಿ ಹೊಡೆಯುತ್ತಿದ್ದೆ. ಐದಕ್ಕೆ ಐದೂ ಗುಂಡು ಮೂರು ಗೇಣು ಕೆಳಗೆ ಬಿದ್ದವು. ಆ್ಯಪ್ ತಪ್ಪು ಹೇಳುತ್ತಿದೆ ಎಂದೆ ನೀನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ ನಾನು, ಅದೂ ಕ್ಲಬ್ಬಿನವರೆಲ್ಲರ ಎದುರು. ನಿನ್ನ ಉಸಿರಾಟವೇ ಸರಿಯಿಲ್ಲ ಎಂದೂ ಸೇರಿಸಿದೆ.

ಐದೂ ಒಂದು ಊಟದ ತಟ್ಟೆಯಷ್ಟು ಜಾಗದಲ್ಲೇ ಬಿದ್ದಿದ್ದವು. ಕೈ ನಡುಗಿದ್ದರೆ ಚೆಲ್ಲಾಪಿಲ್ಲಿಯಾಗಬೇಕಿತ್ತು. ನನಗೆ ಆಗಲೇ ಹೊಳೆಯಬೇಕಿತ್ತು, ಆದರೆ ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಮೊನ್ನೆ ಕ್ಲಬ್ಬಿನ ರೇಂಜಿಗೆ ಹೋದೆ. ಅಲ್ಲಿನ ಮೇಲ್ವಿಚಾರಕಿ ದೊಡ್ಡಮ್ಮ ನಿನ್ನ ರೈಫಲ್ ಹಿಡಿದು, ನನ್ನ ಲೆಕ್ಕದ ಪ್ರಕಾರವೇ ಐದು ಗುಂಡು ಹೊಡೆದರು. ಮೂರು ಗೇಣು ಕೆಳಗೆ! "ಈಗ ನನ್ನ ಉಸಿರಾಟಾನೂ ಸರಿಯಿಲ್ಲ ಅಂತೀಯೇನಪ್ಪಾ?" ಎಂದು ಕೇಳಿ, ಗುಂಡಿನ ವೇಗ ಅಳೆಯುವ ಯಂತ್ರ ತಂದಿಟ್ಟರು. ಸೆಕೆಂಡಿಗೆ 790 ಮೀಟರ್ ಬಂತು. ನಾನು ಆ್ಯಪ್‌ಗೆ ತುಂಬಿಸಿದ್ದು 820, ಗುಂಡಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಅಂಕಿ. ಡಬ್ಬಿಯವರು ಅಳೆದದ್ದು ಉದ್ದ ನಳಿಗೆಯಲ್ಲಂತೆ. ನಿನ್ನ ರೈಫಲ್ಲಿನದು ಗಿಡ್ಡ ನಳಿಗೆ, ಅದರಲ್ಲಿ ಗುಂಡಿನ ವೇಗ ಕಮ್ಮಿ, ಹಾಗಾಗಿ ಕೆಳಗೆ ಬೀಳುತ್ತದೆ. ಅಂಕಿ ತಿದ್ದಿ, ಹೊಸ ಲೆಕ್ಕದಂತೆ ಹೊಡೆದರೆ ಗುಂಡು ನಟ್ಟನಡುವೆ ಹೋಗಿ ಕೂತಿತು.

ಆಗ ದೊಡ್ಡಮ್ಮ, ಗೊತ್ತಿದ್ದೂ ಗೊತ್ತಿದ್ದೂ, "ನೀನು ಏನು ಕೆಲಸ ಮಾಡೋದಪ್ಪಾ?" ಎಂದು ನನ್ನನ್ನು ಕೇಳಿದರು. ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಎಂದೆ. ನಕ್ಕು ನಕ್ಕು ಸುಸ್ತಾಗಿ ಸ್ಟೂಲಿನ ಮೇಲೆ ಕೂತುಬಿಟ್ಟರು. ಪೊಟ್ಟಣದ ಮೇಲೆ ಬರೆದದ್ದನ್ನು ನಂಬಬೇಡಿ, ತೂಗಿ ನೋಡಿ ಎಂದು ಹದಿನೆಂಟು ವರ್ಷದಿಂದ ಅಂಗಡಿಯವರನ್ನು ಬೈಯುತ್ತಾ ಬಂದವನು ನಾನೇ ತಾನೆ.

ಭಾನುವಾರದ ಜೋಡಿ ಸ್ಪರ್ಧೆಗೆ ನನ್ನ ಬದಲು ನಿನ್ನ ಭಾವನನ್ನು ಕರೆದುಕೊಂಡು ಹೋಗುತ್ತೀಯೆಂದು ಕೇಳಿದೆ. ಒಳ್ಳೆಯ ಮನುಷ್ಯ, ಎರಡು ಮಾತಿಲ್ಲ. ಆದರೆ ಗುಂಡು ಹಾರಿದಾಗಲೆಲ್ಲ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುವವರು, ಅದು ಎಲ್ಲಿ ಬಿತ್ತೆಂದು ನಿನಗೆ ಹೇಗೆ ಹೇಳುತ್ತಾರೆ? ನಿನ್ನ ಪಕ್ಕದಲ್ಲಿ ನಾನೇ ಇರುತ್ತೇನೆ, ಹ್ಞೂಂ ಅನ್ನು. ಮನೆಗೂ ಬಾ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಎಲ್ಲರ ಮುಂದೆ ಅಂದದ್ದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತೇನೆ.

ಇಂತಿ,
ನಿನ್ನ ಹಠಮಾರಿ ಗಂಡ

ತಾ.ಕ.: ‘ಮೊನ್ನೆ’ ಎಂದು ಬರೆದದ್ದು ಸುಳ್ಳು. ನೀನು ಮನೆ ಬಿಟ್ಟು ಹೋಗುವ ಮೂರು ದಿನ ಮುಂಚೆಯೇ ಇದೆಲ್ಲ ನಡೆದಿತ್ತು. ‘ಗುರಿ ಹಿಡಿಯುವ ನನ್ನ ಕೈಯೇ ಹೋಯ್ತೇನೋ’ ಎಂದು ನೀನು ಅಡುಗೆಮನೆಯಲ್ಲಿ ಕೂತು ಅತ್ತಾಗ ನನಗೆ ಎಲ್ಲಾ ಗೊತ್ತಿತ್ತು. ಹೇಳಲಿಲ್ಲ. ಹೊಡೆಯಲಂತೂ ನನಗೆ ಬರುವುದಿಲ್ಲ. ಲೆಕ್ಕವೂ ಬರುವುದಿಲ್ಲವೆಂದು ಗೊತ್ತಾದರೆ ನಾನು ನಿನಗೆ ಯಾತಕ್ಕೆ ಬೇಕು ಎಂದು ಹೆದರಿದೆ. ಇದನ್ನು ಓದಿದ ಮೇಲೂ ನೀನು ಭಾವನನ್ನೇ ಕರೆದುಕೊಂಡು ಹೋದರೆ ಅದು ನ್ಯಾಯವೇ. ಅವರಿಗೆ 790 ಎಂದು ಮರೆಯದೆ ಹೇಳು, ನೀನು ಗೆಲ್ಲಬೇಕು. ನಾನು ಹಿಂದಿನ ಬೆಂಚಿನಲ್ಲಿ ತೆಪ್ಪಗೆ ಕೂತಿರುತ್ತೇನೆ. ಮೊದಲ ಗುಂಡಿನವರೆಗಾದರೂ.