ಕೌದಿಗೆ ಮೊದಲ ಹೊಲಿಗೆ ಹಾಕಿದವಳಿಗೆ

ಇಸವಿ ಎರಡು ಸಾವಿರದ ಇನ್ನೂರ ಹದಿನಾರು, ಎರಡನೇ ಬೇಸಿಗೆಯ ನಲವತ್ತನೇ ಹಗಲು. ಹೌದು, ನಮಗೆ ವರ್ಷಕ್ಕೆ ಎರಡು ಬೇಸಿಗೆ.

ಕೌದಿಯ ನಡುತುಂಡಿನ ಅವ್ವನಿಗೆ, ಫಕೀರವ್ವನ ಶರಣು.

ನಿನ್ನ ಹೆಸರು ನನಗೆ ಗೊತ್ತಿಲ್ಲ. ನಮ್ಮ ಮನೆಯ ಕೌದಿಯ ನಟ್ಟನಡುವೆ ನಿನ್ನ ಇಳಕಲ್ ಸೀರೆಯ ತುಂಡಿದೆ. ಅದರ ಸುತ್ತ ಏಳು ತಲೆಮಾರಿನ ಹೆಂಗಸರು ತಮ್ಮ ಹಳೆ ಸೀರೆ ಜೋಡಿಸುತ್ತ ಬಂದಿದ್ದಾರೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರಹ ಓರೆಕೋರೆಯಾದರೆ, ನೀನು ಕೇಳದ ಮಾತು ಬಂದರೆ, ಹೊಟ್ಟೆಗೆ ಹಾಕಿಕೋ. ನಿನ್ನ ಹೊಲಿಗೆಯೂ ಏನು ನೆಟ್ಟಗಿಲ್ಲ, ನಾವು ಸುಮ್ಮನಿದ್ದೇವೆ.

ಇಲ್ಲಿ ನಮಗೆ ಹಗಲೇ ರಾತ್ರಿ. ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆ ಏಳುವುದರಿಂದ ಹೊತ್ತು ಹುಟ್ಟಿದೊಡನೆ ಊರಿಗೆ ಊರೇ ನೆಲದೊಳಗಿನ ತಂಪುಗೂಡುಗಳಲ್ಲಿ ಮಲಗುತ್ತದೆ. ತಂಪುಗೂಡು ಎಂದರೆ ನಿಮ್ಮ ಹಗೇವು ಇದ್ದ ಹಾಗೆ. ನೀವು ನೆಲದೊಳಗೆ ಜೋಳ ತುಂಬುತ್ತಿದ್ದಿರಂತೆ, ಈಗ ನಮ್ಮನ್ನು ತುಂಬಿದ್ದಾರೆ. ಒಂದು ಮನೆತನಕ್ಕೆ ಒಂದೇ ಗೂಡು, ಎಂಟು ಮೊಳ ಉದ್ದ, ಆರು ಮೊಳ ಅಗಲ. ಮಧ್ಯಾಹ್ನ ಗೋಡೆಯ ತೂತಿನಿಂದ ತಣ್ಣನೆ ಗಾಳಿ ಬಿಡುತ್ತಾರೆ. ಮೊದಲು ಹಲ್ಲು ಕಟಕಟ, ಆಮೇಲೆ ಮತ್ತೆ ಬೆವರು. ನನ್ನ ಮಗ ಅಡಿವೆಪ್ಪ ರಾತ್ರಿಯೆಲ್ಲ ಬಿಸಿಲಿನಿಂದ ಕರೆಂಟು ಮಾಡುವ ಫಲಕಗಳನ್ನು ತೊಳೆಯುತ್ತಾನೆ. ಬೆಳಿಗ್ಗೆ ಬಂದವನೇ ಮಂಪರುಗುಳಿಗೆ ನುಂಗುತ್ತಾನೆ. ಹಗಲು ನಿದ್ದೆ ಬರಲೆಂದು ಕೆಲಸದವರಿಗೆ ಕೊಡುವ ಗುಳಿಗೆ ಅದು. ನುಂಗಿದವನು ಕಿವಿಯಲ್ಲಿ ಡೊಳ್ಳು ಬಾರಿಸಿದರೂ ಏಳುವುದಿಲ್ಲ. ಅವನು, ಸೊಸೆ ದ್ಯಾಮವ್ವ, ನಾನು, ಮೂವರಿಗೂ ಒಂದೇ ಹಾಸಿಗೆ. ಎರಡು ವರ್ಷದ ಹಿಂದೆ ನಮ್ಮ ನಡುವೆ ಮೂರು ತಿಂಗಳ ಹೆಣ್ಣುಕೂಸಿತ್ತು, ನಿಂಗಿ.

ಹೆತ್ತ ಮನೆಗಳಿಗೆ ಬಂದು ಕೂಸುಗಳನ್ನು ವಿಚಾರಿಸುವವಳನ್ನು ನಾವು ಉಸಿರಕ್ಕ ಎನ್ನುತ್ತೇವೆ. ನಮ್ಮ ಓಣಿಯ ಉಸಿರಕ್ಕ ಮಾಬುಬಿ. ಮೊದಲ ಸಲ ಬಂದವಳು ಕೂಸಿನ ಮುಖ ನೋಡುವ ಮೊದಲೇ ಹಾಸಿಗೆ ನೋಡಿದಳು.

“ಯವ್ವಾ, ಕೂಸು ಎಲ್ಲಿ ಮಲಗತೈತಿ?”

“ನನ್ನ ತಲಿ ಮ್ಯಾಲೆ. ಬ್ಯಾರೆ ಜಾಗಾ ಎಲ್ಲೈತಿ, ನೀನ ಹೇಳು.”

“ನಿನ್ನ ತಲಿ ಗಟ್ಟಿ ಐತಿ, ಅದು ಛಲೋನ ಆತು. ಖರೆ ಇಳಿಜಾರ ಐತಲ್ಲ,” ಎಂದು ನಕ್ಕಳು.

ಮರುವಾರ ಉದ್ದನೆಯ ಬಿದಿರಿನ ಮೊರ ಹೊತ್ತು ತಂದಳು. ಹೆಸರಿಡುವ ದಿನ ಕೂಸನ್ನು ಮೊರದಲ್ಲಿ ಮಲಗಿಸುವುದು ನಿಮ್ಮಿಂದಲೇ ಬಂದ ಪದ್ಧತಿಯಲ್ಲವೇ? ನೀರಿನ ಕೊಡ ಸರಿಸಿ, ಗೇಣು ಹಾಕಿ ಅಳೆದು, ದ್ಯಾಮವ್ವನ ಮಗ್ಗುಲಲ್ಲಿ ಅದಕ್ಕೆ ಜಾಗ ಮಾಡಿದಳು. “ವರ್ಷ ತುಂಬೂತನಕ ಇದ್ರಾಗ ಅಂಗಾತ ಮಲಗಸ್ರಿ. ದಿಂಬು ಬ್ಯಾಡ, ಕೌದಿ ಬ್ಯಾಡ. ಗುಳಿಗಿ ನುಂಗಿದಾವನ ಮಗ್ಗಲಕ್ಕಂತೂ ಬ್ಯಾಡೇ ಬ್ಯಾಡ,” ಎಂದಳು.

ನಾನು ಹೂಂ ಎಂದೆ. ಗೂಡಿನಲ್ಲಿ ಜಾಗ ಸಾಲದವರ ಕೂಸುಗಳನ್ನು ಆಳುವವರು ಒಯ್ಯುತ್ತಾರೆ ಎಂಬ ಸುದ್ದಿ ಓಣಿಯಲ್ಲಿತ್ತು. ಆ ಹೆದರಿಕೆ ಅರ್ಧ. ಏಳು ಬಾಣಂತನ ಮಾಡಿದವಳಿಗೆ ಇವಳೇನು ಕಲಿಸುತ್ತಾಳೆ ಎಂಬ ಸೊಕ್ಕು ಅರ್ಧ. ಅವಳು ಬರುವ ಸಂಜೆ ನಿಂಗಿ ಮೊರದಲ್ಲಿ; ಅವಳು ಹೋದ ಮೇಲೆ ಮೊರದಲ್ಲಿ ಮೆಣಸಿನಕಾಯಿ.

“ಅತ್ತಿ, ಅಕ್ಕಾರು ಹೇಳ್ಯಾರಲ್ರೀ,” ಎಂದಳು ದ್ಯಾಮವ್ವ.

“ಬರೇ ಮೊರದಾಗ ಹಾಕಾಕ ಅದೇನ್ ಜ್ವಾಳಾನ? ತಂಪಿಗೆ ಕೂಸು ಸೆಟೀತೈತಿ, ಸುಮ್ಮನ ಬೀಳು,” ಎಂದೆ. ಅವಳು ಕೂಸನ್ನು ಮತ್ತೆ ನಮ್ಮ ನಡುವೆ ಮಲಗಿಸಿದಳು.

ಆ ಬೇಸಿಗೆಯ ಹತ್ತೊಂಬತ್ತನೇ ಹಗಲು ಗಾಳಿ ಬಿಟ್ಟಾಗ ನಾನೇ ಕೌದಿಯನ್ನು ಎರಡು ಮಡಿಕೆ ಮಾಡಿ ಕೂಸಿನ ಕುತ್ತಿಗೆತನಕ ಎಳೆದೆ. ಮಡಿಸಿದ್ದರಿಂದ ನಿನ್ನ ತುಂಡೇ ಮೇಲಂಚಿಗೆ ಬಂದಿತ್ತು. ಎದ್ದು ನೋಡಿದಾಗ ಅದು ನಿಂಗಿಯ ಬಾಯಿಯ ಮೇಲಿತ್ತು, ಒದ್ದೆಯಾಗಿತ್ತು. ಅಡಿವೆಪ್ಪನ ತೋಳು ಅದರ ಮೇಲಿತ್ತು. ಕೂಸಿನಲ್ಲಿ ಉಸಿರಿರಲಿಲ್ಲ. ಅವನನ್ನು ಎಬ್ಬಿಸಲು ಮುಖಕ್ಕೆ ನೀರು ಹೊಡೆಯಬೇಕಾಯಿತು.

ಸಂಜೆ ಮಾಬುಬಿ ಬಂದಳು. ಮೊರದ ತುಂಬ ಮೆಣಸಿನಕಾಯಿ ಹಾಗೇ ಇತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ನೆಲದ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಕೌದಿಯಿಂದನ ಆತಂತ ನಾ ಹೇಳಾಕ ಬರಂಗಿಲ್ಲ, ಯವ್ವಾ. ಒಮ್ಮೊಮ್ಮೆ ಕಾರಣಾನ ತಿಳಿಯಂಗಿಲ್ಲ,” ಎಂದಳು. ಅವಳಿಗೆ ಹೇಳಲು ಬರುವುದಿಲ್ಲ. ನನಗೆ ಬರುತ್ತದೆ. ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು: “ತಂಪಿನ ಚಿಂತಿ ಐತಿ ಅಂತ ಒಂದ್ ಮಾತು ಅಂದಿದ್ರ, ಬ್ಯಾರೆ ಹಾದಿ ಹುಡುಕತಿದ್ನಲ್ಲ.”

ಕೂಸುಗಳನ್ನು ಒಯ್ಯುತ್ತಾರೆ ಎಂಬುದು ಬರೀ ಗಾಳಿಸುದ್ದಿ ಎಂದು ಆಮೇಲೆ ತಿಳಿಯಿತು.

ಈಗ ದ್ಯಾಮವ್ವನಿಗೆ ಎರಡನೇ ಕೂಸು, ನಲವತ್ತು ದಿನದ್ದು. ಗೂಡು ಅದೇ, ಗುಳಿಗೆ ಅದೇ. ಈ ಸಲ ಮಾಬುಬಿ ಕೇಳುವ ಮೊದಲೇ ಎಲ್ಲ ಹೇಳಿದೆ. ಜಾಗವಿಲ್ಲದ್ದು, ತಂಪಿನ ಹೆದರಿಕೆ, ಮಗ ಏಳದಿರುವುದು. ಅವಳು ತಲೆ ಕೆರೆದುಕೊಂಡಳು. ಗಾಳಿಯ ತೂತಿಗೆ ಅಡ್ಡ ಹಲಗೆ ಇಡಿಸಿ ಗಾಳಿ ಕೂಸಿನ ಮೇಲೆ ಬೀಳದಂತೆ ಮಾಡಿದಳು. ಹೊದಿಕೆಯ ಬದಲು ಮೈಗೆ ಸರಿಯಾದ ಅಂಗಿ ತಂದಳು, ಕೂಸಿನ ಎದೆ ಮುಟ್ಟಿ ಬೆಚ್ಚಗಿದೆಯೋ ಬೆವೆತಿದೆಯೋ ನೋಡುವುದನ್ನು ಕಲಿಸಿದಳು. ಅಡಿವೆಪ್ಪನನ್ನು ನಮ್ಮ ಕಾಲ ಬುಡಕ್ಕೆ ಅಡ್ಡ ಮಲಗಿಸಿದಳು. ಎರಡು ದಿನಕ್ಕೊಮ್ಮೆ ಬರುತ್ತಾಳೆ. ದ್ಯಾಮವ್ವ ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ, ನನ್ನೊಡನೆ ಮಾತಿಲ್ಲ. ಅವಳದು ತಪ್ಪಲ್ಲ. ನಾನು ಗೋಡೆಗೆ ಒರಗಿ, ಕೂಸು ಮಲಗಿದ ಮೊರವನ್ನು ನೋಡುತ್ತ ಕೂಡುತ್ತೇನೆ. ಕೂಸಿನ ಹೊಟ್ಟೆ ಏಳುತ್ತದೆ, ಇಳಿಯುತ್ತದೆ. ಮತ್ತೆ ಏಳುವತನಕ ನನ್ನ ಉಸಿರು ನಿಂತಿರುತ್ತದೆ.

ಅವ್ವಾ, ಕೌದಿ ಹೊಲಿಯಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೊಲಿ, ನಿನ್ನ ಕಾಲಿಗೆ ಹೊದೆ. ವರ್ಷ ತುಂಬದ ಕೂಸಿಗೆ ಮಾತ್ರ ಬೇಡ. ನಿನ್ನ ಬಾಗಿಲಿಗೂ ಒಬ್ಬಳು ಚೀಲ ಹಿಡಿದು ಬರುತ್ತಾಳೆ, ಕೂಸು ಎಲ್ಲಿ ಮಲಗುತ್ತದೆ ಎಂದು ಕೇಳುತ್ತಾಳೆ. ಆಗ ಮನೆಯ ಮಾನ ನೋಡಬೇಡ. ಮೊರದಲ್ಲಿ ಮೆಣಸಿನಕಾಯಿ ಇದ್ದರೆ, ಮೆಣಸಿನಕಾಯಿ ಇದೆ ಎಂದು ಹೇಳು.