ಅವಳನ್ನು ಯಾರೂ ಕೇಳದ ಸೀಟು

ಡೊಂಬಿವಲಿ
ಫೆಬ್ರವರಿ 2012

ಚಿಕ್ಕಮ್ಮನಿಗೆ ವಸುಧಾಳ ನಮಸ್ಕಾರ.

ಹೆಂಗಸರು, ಮೈಬಣ್ಣ, ರಾಜಕೀಯ ಎಂದು ಥೀಸಿಸ್ ಬರೆಯುವವಳಿಗೆ ಲೋಕಲ್ ಟ್ರೇನಿನಲ್ಲಿ ಏನು ಕೆಲಸ ಎಂದು ಕೇಳಿದ್ದಿರಲ್ಲ, ಇದನ್ನು ಓದಿ. ಇಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಿಂತವರು ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಿಟ್ಟುಕೊಳ್ಳುತ್ತಾರೆ. ಅವರು ಎದ್ದಾಗ ಆ ಸೀಟು ಕೇಳಿದವರದ್ದೇ. ಥಾಣೆ ಸ್ಟೇಷನ್ನಿನಿಂದ ಹೊರಡುವ ಪನ್ವೇಲ್ ಗಾಡಿಯಲ್ಲಿ ದಿನಾ ನೈಜೀರಿಯಾದ ಒಬ್ಬ ಹುಡುಗಿ ಬರುತ್ತಾಳೆ. ಅವಳೊಬ್ಬಳನ್ನು ಯಾರೂ ಕೇಳುವುದಿಲ್ಲ. ಅವಳೆದ್ದ ಸೀಟಿಗೆ ನೂಕಾಡುತ್ತಾರೆ, ಅವಳೊಡನೆ ಮಾತು ಮಾತ್ರ ಬೇಡ.

ಸೋಮವಾರ, ನಾನು ಉಳಿದಿರುವ ಮನೆಯ ನಳಿನಾಕ್ಷಿ ಅಕ್ಕ ಅವಳನ್ನು ಕೇಳಿಯೇ ಬಿಟ್ಟರು: "ಕಿಧರ್ ಉತರ್ನಾ ಹೈ?"

"ಕೋಪರ್‌ಖೈರಣೆ," ಎಂದಳು.

ಆ ಸ್ಟೇಷನ್ ಬಂದಾಗ ಬೇರೆ ಯಾರೋ ನುಗ್ಗಿದರು. ಹುಡುಗಿ ಕೈ ಅಡ್ಡ ಹಿಡಿದು, ಮೊದಲು ಕೇಳಿದ್ದು ಈ ಆಂಟಿ ಎಂದು ಹಿಂದಿಯಲ್ಲಿ ಹೇಳಿ, ಅಕ್ಕನನ್ನು ಕೂರಿಸಿಯೇ ಇಳಿದಳು. ನಾನು ಹೊಗಳಿದರೆ ಅಕ್ಕ, "ಅದ್ರಲ್ಲಿ ಎಂತ ಉಂಟು ಮಾರಾಯ್ತಿ, ಕಾಲು ನೋಯ್ತಿತ್ತು, ಕೇಳಿದೆ," ಅಂದರು.

ಇಲ್ಲಿನ ಕಾರ್ಖಾನೆಗಳ ಕೆಮಿಕಲ್ ವಾಸನೆಗೆ ಹಿಡಿದ ಕೆಮ್ಮು ನಿಮ್ಮ ಕಷಾಯದ ಪುಡಿಯಿಂದ ಇಳಿದಿದೆ. ಅಮ್ಮನಿಗೂ ಹೇಳಿ.

ಕಾಗದದಲ್ಲಿ ಜಾಗ ಮುಗಿಯುತ್ತಾ ಬಂತು. ಇವತ್ತು ನನಗೆ ಸೀಟು ಸಿಕ್ಕಿತ್ತು, ಆ ಹುಡುಗಿ ನಿಂತಿದ್ದಳು. ನನ್ನ ಭುಜ ತಟ್ಟಿ ಎಲ್ಲಿ ಇಳಿಯುವುದು ಎಂದು ಕೇಳಿದಳು. ನಾನು ತುರ್ಭೆ ಎಂದೆ, ಅದು ಅವಳ ಸ್ಟೇಷನ್ನಿಗಿಂತ ಆಚೆ. ನನ್ನನ್ನು ಬಿಟ್ಟು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಒಂದು ಗಳಿಗೆ ಅವಳ ಮುಖ ನೋಡಿ, "ರಬಾಳೆ," ಎಂದಳು. ಅದು ಹುಡುಗಿಯ ಸ್ಟೇಷನ್ನಿಗಿಂತ ಎರಡು ಸ್ಟೇಷನ್ ಈಚೆ.